ಇಸ್ರಾಯೇಲ್, ಇಸ್ರೇಲ್: ಒಂದು ಕಾಗುಣಿತದ ಅಂತರ

ಕನ್ನಡದ ಸತ್ಯವೇದ ತೆರೆದರೆ ಅಲ್ಲಿರುವ ಹೆಸರು ‘ಇಸ್ರಾಯೇಲ್’. ಕನ್ನಡ ಪತ್ರಿಕೆ ತೆರೆದರೆ ‘ಇಸ್ರೇಲ್’. ನಾನು ಕೆಲಸ ಮಾಡುವ ಚೆನ್ನೈನಲ್ಲೂ ಇದೇ ಕಥೆ. ತಮಿಳು ಬೈಬಲ್ ‘ಇಸ್ರವೇಲ್’ ಎನ್ನುತ್ತದೆ, ಟಿ.ವಿ. ಪರದೆಯ ಅಡಿಯಲ್ಲಿ ಓಡುವ ಸುದ್ದಿಯಲ್ಲಿ ‘ಇಸ್ರೇಲ್’. ತಿರುನೆಲ್ವೇಲಿ ಕಡೆ ಇಸ್ರವೇಲ್ ಎಂಬ ಹೆಸರಿನ ಗಂಡಸರೂ ಇದ್ದಾರೆ. ಅವರನ್ನು ಯಾರೂ ಟೆಲ್ ಅವೀವ್ ರಾಜಕೀಯದ ಬಗ್ಗೆ ಪ್ರಶ್ನೆ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಎರಡಕ್ಕೂ ಒಂದೇ ಕಾಗುಣಿತ. ಹಾಗಾಗಿ ಹಳೆಯ ಗ್ರಂಥದ ಜನಾಂಗವೂ, 1948ರ ಮೇ 14ರಂದು ಘೋಷಣೆಯಾದ ದೇಶವೂ ಒಂದೇ ಎಂದು ಓದುವವರಿಗೆ ತಾನಾಗಿಯೇ ಅನ್ನಿಸಿಬಿಡುತ್ತದೆ. ನಮ್ಮ ಭಾಷೆಗಳಲ್ಲಿ ಸಣ್ಣದೊಂದು ಅಂತರ ಉಳಿದಿದೆ. ಕ್ರೈಸ್ತರು ಇವತ್ತು ಜಗಳವಾಡುತ್ತಿರುವುದು ಹೆಚ್ಚುಕಡಿಮೆ ಆ ಅಂತರದೊಳಗೇ.

ಇಂಥದ್ದೊಂದು ಜಗಳವಿದೆ ಎಂಬುದೇ ಹೊರಗಿನವರಿಗೆ ಗೊತ್ತಿರುವುದಿಲ್ಲ. 2025ರ ಜೂನ್‌ನಲ್ಲಿ ಇರಾನ್ ಮತ್ತು ಇಸ್ರೇಲ್ ಹನ್ನೆರಡು ದಿನ ಹೊಡೆದಾಡಿದವಲ್ಲ, ಆಗ ಶೋಲಿಂಗನಲ್ಲೂರಿನ ನಮ್ಮ ಆಫೀಸಿನ ಟೀ ಕೌಂಟರ್ ಬಳಿ ಗೆಳೆಯನೊಬ್ಬ “ಏನಪ್ಪಾ, ನಿಮ್ಮವರೇ ಗೆಲ್ಲುತ್ತಿದ್ದಾರಲ್ಲ!” ಎಂದ. ಕ್ರೈಸ್ತನಾದ ಮೇಲೆ ಇಸ್ರೇಲ್ ಪರ ಇರಲೇಬೇಕು ಎಂಬುದು ಅವನ ಎಣಿಕೆ. ‘ನಿಮ್ಮವರು’ ಅಂದರೆ ಯಾರು ಎಂದು ಹೇಳಿ ಮುಗಿಸಲು ಒಂದು ಟೀ ಸಾಕಾಗಲಿಲ್ಲ. ನನ್ನ ಪಾಲಿಗೆ ಆ ವಾರ ‘ನಮ್ಮವರು’ ಅಂದರೆ ಹೈಫಾ ನಗರದಲ್ಲಿದ್ದ ಚಿಕ್ಕಮ್ಮನ ಮಗಳು. ಅಲ್ಲಿ ಒಬ್ಬ ಯೆಹೂದಿ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ಅವಳದು. ನಮ್ಮ ಕರಾವಳಿಯಿಂದ, ಕೇರಳದಿಂದ ಈ ಕೆಲಸಕ್ಕೆ ಹೋದವರು ಬಹಳ ಮಂದಿ. ಸೈರನ್ ಕೂಗಿದರೆ ಗಾಲಿಕುರ್ಚಿ ತಳ್ಳಿಕೊಂಡು ಕಾಂಕ್ರೀಟ್ ಕೋಣೆಗೆ ಓಡಬೇಕು. “ಎಂಥ ಹೇಳುದು ಅಣ್ಣ, ಅಜ್ಜಿಗೆ ಹೆದರಿಕೆಯೇ ಇಲ್ಲ, ನನಗೇ ಕಾಲು ನಡುಗುದು” ಎಂದು ಅವಳು ಫೋನ್ ಮಾಡುತ್ತಿದ್ದಳು.

ಆ ಶುಕ್ರವಾರ ನಮ್ಮ ಬಡಾವಣೆಯ ಮನೆ ಪ್ರಾರ್ಥನೆ. ಏಳೆಂಟು ಕುಟುಂಬ: ಸಿಎಸ್‌ಐನವರು, ಪೆಂಟೆಕೋಸ್ಟಲ್‌ನವರು, ಒಬ್ಬ ಬ್ರೆದರನ್ ಸಭೆಯವರು, ಒಂದು ಕ್ಯಾಥೊಲಿಕ್ ಜೋಡಿ. ನಾಗರಕೋಯಿಲ್‌ನ ಅಕ್ಕ ಒಬ್ಬರು ಹೈಫಾದ ನಮ್ಮ ಹುಡುಗಿಗಾಗಿಯೂ, ಗಾಜಾದ ಚರ್ಚುಗಳಲ್ಲಿ ಆಶ್ರಯ ಪಡೆದಿರುವ ಜನರಿಗಾಗಿಯೂ ಒಟ್ಟಿಗೇ ಪ್ರಾರ್ಥನೆ ಕೇಳಿದರು. ಹಿರಿಯರೊಬ್ಬರು ಮೆಲ್ಲಗೆ ಹೇಳಿದರು: “ಮೊದಲನೆಯದಕ್ಕೆ ಪ್ರಾರ್ಥಿಸೋಣಮ್ಮಾ. ಎರಡನೆಯದು ದೇವರ ಯೋಜನೆಯ ಭಾಗ, ಅದಕ್ಕೆ ನಾವು ಅಡ್ಡ ಬರಬಾರದು.” ಕೋಣೆ ಸುಮ್ಮನಾಯಿತು. ಆ ಹಿರಿಯರು ಕಲ್ಲೆದೆಯವರಲ್ಲ. ನನ್ನ ಮಗುವಿಗೆ ಡೆಂಗಿ ಬಂದಾಗ ರಾತ್ರಿ ಎರಡು ಗಂಟೆಗೆ ಪ್ಲೇಟ್‌ಲೆಟ್ ಹುಡುಕಿಕೊಂಡು ಊರು ಸುತ್ತಿದವರು ಅವರೇ. ಒಂದು ಗ್ರಂಥದ ಒಂದು ಬಗೆಯ ಓದು ಅಂಥವರ ಕರುಣೆಗೂ ಗಡಿ ಎಳೆಯಬಲ್ಲದು ಎಂದಾದರೆ, ಆ ಓದು ಎಲ್ಲಿಂದ ಬಂತು ಎಂದು ನೋಡಲೇಬೇಕಲ್ಲ.

ಅದು ಬಂದದ್ದು ಮುಖ್ಯವಾಗಿ ಜಾನ್ ನೆಲ್ಸನ್ ಡಾರ್ಬಿಯವರಿಂದ (1800–1882). ಐರ್ಲೆಂಡಿನಲ್ಲಿ ಆಂಗ್ಲಿಕನ್ ಪಾದ್ರಿಯಾಗಿದ್ದವರು; ಅದನ್ನು ಬಿಟ್ಟು ಬ್ರೆದರನ್ ಎಂಬ ಹೊಸ ಕೂಟದ ಮುಂದಾಳಾದರು. ಅವರ ಪ್ರಕಾರ ದೇವರಿಗೆ ಎರಡು ಪ್ರಜೆಗಳು. ಅಬ್ರಹಾಮನ ವಂಶದ ಇಸ್ರಾಯೇಲ್ ಭೂಲೋಕದ ಪ್ರಜೆ, ಕ್ರೈಸ್ತ ಸಭೆ ಪರಲೋಕದ ಪ್ರಜೆ. ಇಸ್ರಾಯೇಲಿಗೆ ಕೊಟ್ಟ ನೆಲದ, ರಾಜ್ಯದ ವಾಗ್ದಾನಗಳು ಅಕ್ಷರಶಃ ನೆರವೇರಬೇಕು. ಅವನ್ನು ಸಭೆಯ ಲೆಕ್ಕಕ್ಕೆ ಬರೆದುಕೊಳ್ಳುವ ಹಾಗಿಲ್ಲ. ಯೆಹೂದ್ಯರು ಯೇಸುವನ್ನು ಒಪ್ಪದಿದ್ದಾಗ ಪ್ರವಾದನೆಯ ಗಡಿಯಾರ ನಿಂತಿದೆ. ಕ್ರಿಸ್ತನು ಸಭೆಯನ್ನು ಒಮ್ಮೆಲೇ ಮೇಲಕ್ಕೆ ಎತ್ತಿಕೊಂಡ ಮೇಲೆ ಅದು ಮತ್ತೆ ಓಡತೊಡಗುತ್ತದೆ: ಏಳು ವರ್ಷದ ಮಹಾಸಂಕಟ, ಕ್ರಿಸ್ತವಿರೋಧಿಯ ಆಡಳಿತ, ಕೊನೆಗೆ ಜೆರುಸಲೇಂನಿಂದ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ. 1909ರಲ್ಲಿ ಅಮೆರಿಕದ ಸ್ಕೋಫೀಲ್ಡ್ ಈ ಓದನ್ನು ಬೈಬಲ್ ಪುಟದ ಟಿಪ್ಪಣಿಗಳಾಗಿ ಅಚ್ಚು ಹಾಕಿಸಿದರು. ವಚನ ಮೇಲೆ, ಟಿಪ್ಪಣಿ ಕೆಳಗೆ. ದಿನಾ ಓದುತ್ತಾ ಹೋದರೆ ಎರಡೂ ಒಂದೇ ಕೈಯವು ಅನ್ನಿಸುತ್ತದೆ. 1948ರಲ್ಲಿ ದೇಶ ಹುಟ್ಟಿತು, 1967ರಲ್ಲಿ ಹಳೆಯ ಜೆರುಸಲೇಂ ಅದರ ಕೈಗೆ ಬಂತು. ಈ ಪಂಥದವರಿಗೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಈ ಕಥೆಯ ಕೊನೆಯ ಅಂಕದ ಬಗ್ಗೆ ಕಡಿಮೆ ಮಾತಾಡುತ್ತಾರೆ. ಪ್ರವಾದಿ ಜೆಕರ್ಯನ 13ನೇ ಅಧ್ಯಾಯವನ್ನು ಹಿಡಿದು, ಮಹಾಸಂಕಟದಲ್ಲಿ ಆ ನಾಡಿನ ಯೆಹೂದ್ಯರ ಮೂರರಲ್ಲಿ ಎರಡು ಪಾಲು ಸಾಯುತ್ತಾರೆ, ಉಳಿದವರು ಯೇಸುವನ್ನು ಒಪ್ಪುತ್ತಾರೆ ಎಂದು ಬೋಧಿಸುವವರು ಅನೇಕರು. ಇಸ್ರೇಲಿನ ಬಾವುಟ ವೇದಿಕೆ ಮೇಲೆ ನೆಟ್ಟು ಹಾಡುವವರು ಈ ಭಾಗಕ್ಕೆ ಬಂದಾಗ ಪುಟ ತಿರುಗಿಸಿಬಿಡುತ್ತಾರೆ. ನನ್ನ ತಂಗಿ ದಿನಾ ತಲೆ ಬಾಚುವ ಅಜ್ಜಿ ಆ ಮೂರು ಪಾಲಿನಲ್ಲಿ ಯಾವ ಪಾಲಿಗೆ?

ಡಾರ್ಬಿಯವರ ಹಾದಿಯ ಎಲ್ಲರೂ ನಮ್ಮ ಆ ಹಿರಿಯರಂತೆ ಮಾತಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಅವತ್ತು ಮೌನ ಮುರಿದು ಗಾಜಾಕ್ಕಾಗಿ ಮೊದಲು ಪ್ರಾರ್ಥಿಸಿದವರು ಬ್ರೆದರನ್ ಸಭೆಯವರೇ. ಪ್ರವಾದನೆ ಹೇಳುವುದು ಏನು ನಡೆಯುತ್ತದೆ ಎಂದು. ಅದಕ್ಕೆ ಚಪ್ಪಾಳೆ ತಟ್ಟಬೇಕು ಎಂದು ಎಲ್ಲೂ ಹೇಳಿಲ್ಲ ಎಂಬುದು ಅವರ ವಾದ. ಡಾರ್ಬಿಯವರ ಓದಿಗೆ ಒಬ್ಬ ಪ್ರಾಮಾಣಿಕ ಶಿಷ್ಯ ಹೇಗಿರುತ್ತಾನೆ ಎಂದು ನನಗೆ ಗೊತ್ತಾದದ್ದು ಅವರಿಂದ. ಡಾರ್ಬಿಯವರ ಪಂಥ ತಾರೀಖು ಕಟ್ಟುವುದಕ್ಕೂ ಒಗ್ಗುವುದಿಲ್ಲ.

ತಾರೀಖಿನ ಹುಚ್ಚು ಬೇರೆ ಕಡೆಯದು. ಅದರ ಒಂದು ಎಳೆ ನಮ್ಮ ಕನ್ನಡಕ್ಕೆ ತೀರ ಹತ್ತಿರ ಹಾದುಹೋಗಿದೆ. ಮಂಗಳೂರು, ಉಡುಪಿ, ಧಾರವಾಡ, ಗದಗ ಬೆಟಗೇರಿಗಳ ಪ್ರೊಟೆಸ್ಟೆಂಟ್ ಕುಟುಂಬಗಳ ಹಾಗೆ ನಮ್ಮದೂ ಬಾಸೆಲ್ ಮಿಷನ್ ಮೂಲದ ಕುಟುಂಬ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶುರುವಾಗಿ 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ ಅದು. ಹಂಚು, ನೇಯ್ಗೆ, ಅಚ್ಚುಕೂಟ, ನಿಘಂಟು ಇವುಗಳ ಮೂಲಕ ಕನ್ನಡಿಗರಿಗೆಲ್ಲ ಅದರ ಪರಿಚಯವಿದೆ. ಆದರೆ ಅದರ ಹುಡುಗರಲ್ಲಿ ಬಹುಪಾಲು ಬಂದದ್ದು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಭಕ್ತಿಪಂಥದ ಮನೆಗಳಿಂದ. ಆ ಮನೆಗಳ ದೊಡ್ಡ ಗುರು ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752). ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಿದ ಪಂಡಿತ. ಅದೇ ಶ್ರದ್ಧೆಯಿಂದ ಪ್ರಕಟನೆ ಗ್ರಂಥದ ಸಂಖ್ಯೆಗಳನ್ನೂ ಗುಣಿಸಿ ಭಾಗಿಸಿ, ಲೋಕದ ದುಷ್ಟ ಪ್ರಭುತ್ವ ಕುಸಿದು ಹೊಸ ಯುಗ ಬರುವ ದಿನ 1836ರ ಜೂನ್ 18 ಎಂದು ಕಂಡುಹಿಡಿದರು. ಅದನ್ನು ನಂಬಿ ಎಷ್ಟೋ ಕುಟುಂಬಗಳು ಮನೆ ಮಾರಿ ರಷ್ಯಾದ ಕಾಕಸಸ್ ಕಡೆಗೆ ಗುಳೆ ಹೋದವು.

ಈಗ ಚೆನ್ನೈಗೆ ಬನ್ನಿ. ಅದೇ 1836ರ ಬೇಸಿಗೆಯಲ್ಲಿ ಇಂಗ್ಲೆಂಡಿನಿಂದ ಮದ್ರಾಸಿಗೆ ಒಂದು ಹಡಗು ಬರುತ್ತಿತ್ತು. ಅದರಲ್ಲಿ ಆಂಟನಿ ನಾರಿಸ್ ಗ್ರೋವ್ಸ್ ಇದ್ದರು. ಬ್ರೆದರನ್ ಕೂಟದ ಮೂಲಪುರುಷರಲ್ಲಿ ಒಬ್ಬರು, ಡಾರ್ಬಿಯವರ ಗೆಳೆಯರು. ಹಡಗು ಹತ್ತುವ ಮುನ್ನ ಮಾರ್ಚ್ ತಿಂಗಳಲ್ಲಿ, ನೀವು ಬೇರೆ ಸಭೆಗಳವರನ್ನು ದೂರ ಇಡುತ್ತಿದ್ದೀರಿ ಎಂದು ಡಾರ್ಬಿಯವರಿಗೆ ಖಾರವಾದ ಕಾಗದ ಬರೆದಿದ್ದರು. ಗ್ರೋವ್ಸ್ ಮಕ್ಕಳಿಗೆ ಪಾಠ ಹೇಳಲು ಜೊತೆಗೆ ಹೊರಟಿದ್ದವರು ವ್ಯೂರ್ಟೆಂಬರ್ಗಿನ ಯುವಕ ಹೆರ್ಮನ್ ಗುಂಡರ್ಟ್. ಮುಂದೆ ಬಾಸೆಲ್ ಮಿಷನ್ ಸೇರಿ ಮಂಗಳೂರಿಗೆ ಬಂದು, ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳ ನಿಘಂಟು ಮಾಡಿದ ಅದೇ ಗುಂಡರ್ಟ್. ಅವರು ಮದ್ರಾಸಿನಲ್ಲಿ ಇಳಿದದ್ದು ಜುಲೈನಲ್ಲಿ. ಅಂದರೆ ಬೆಂಗೆಲ್ ಲೆಕ್ಕದ ಯುಗಾಂತ್ಯದ ದಿನ ಬೆಂಗೆಲ್ ನಾಡಿನ ಹುಡುಗ ನಡುನೀರಿನಲ್ಲಿದ್ದ. ಯುಗ ಮುಗಿಯಲಿಲ್ಲ, ಮದ್ರಾಸಿನ ದಡ ಬಂತು. ಅದೇ ವರ್ಷ ಇನ್ನೊಬ್ಬ ವ್ಯೂರ್ಟೆಂಬರ್ಗಿನವರು, ಹೆರ್ಮನ್ ಮೋಗ್ಲಿಂಗ್, ಮಂಗಳೂರಿಗೆ ಬಂದರು. ಏಳು ವರ್ಷದ ಮೇಲೆ, 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರಟಿತು. ಕನ್ನಡ ಪತ್ರಿಕೋದ್ಯಮದ ಹುಟ್ಟುಹಬ್ಬವನ್ನು ಜುಲೈ 1ರಂದು ಆಚರಿಸುವಾಗ ನನಗೆ ಈ ತಮಾಷೆ ನೆನಪಾಗುತ್ತದೆ.

ಮೋಗ್ಲಿಂಗ್ ಕನ್ನಡ ಕಲಿಯುತ್ತಿದ್ದ ಕಾಲಕ್ಕೆ, 1839ರಿಂದ 1850ರವರೆಗೆ, ಬಾಸೆಲ್‌ನಲ್ಲಿ ಮಿಷನ್ನಿನ ಮುಖ್ಯಸ್ಥರಾಗಿದ್ದವರು ವಿಲ್ಹೆಲ್ಮ್ ಹೋಫ್‌ಮನ್. ಅವರ ತಮ್ಮ ಕ್ರಿಸ್ಟೋಫ್ ಹೋಫ್‌ಮನ್‌ಗೆ ಬೇರೆಯೇ ಕನಸು. ಪ್ರವಾದನೆಗಳಲ್ಲಿ ಜೆರುಸಲೇಂನಲ್ಲಿ ಒಟ್ಟುಗೂಡುವ ದೇವಜನ ಎಂದರೆ ಯೆಹೂದ್ಯರಲ್ಲ, ನಾವೇ, ಭಕ್ತಿವಂತ ಕ್ರೈಸ್ತರು ಎಂದು ಅವರು ನಂಬಿದರು. ‘ಟೆಂಪ್ಲರ್’ ಎಂಬ ಸಂಘ ಕಟ್ಟಿ, 1868ರಲ್ಲಿ ರೈತರು ಬಡಗಿಗಳ ಸಮೇತ ಹೊರಟು ಹೈಫಾದಲ್ಲಿ ಇಳಿದರು. ಅಣ್ಣ ಜನರನ್ನು ಮಂಗಳೂರಿಗೆ ಕಳಿಸಿದ, ತಮ್ಮ ಪ್ಯಾಲೆಸ್ಟೀನಿಗೆ ಕರೆದೊಯ್ದ. ಕಾರ್ಮೆಲ್ ಬೆಟ್ಟದ ಬುಡದಲ್ಲಿ ಅವರು ಕಟ್ಟಿದ ಕಲ್ಲಿನ ಮನೆಗಳ ಬೀದಿ ಇವತ್ತಿಗೂ ಇದೆ, ಬಾಗಿಲ ಮೇಲೆ ಜರ್ಮನ್ ಭಾಷೆಯ ವಚನಗಳು. ರಜೆಯ ದಿನ ಅಲ್ಲಿ ಅಡ್ಡಾಡಿದ ತಂಗಿ ಫೋಟೊ ಕಳಿಸಿ, “ನಮ್ಮ ಬಲ್ಮಠದ ಹಳೆ ಬಂಗಲೆಗಳ ಹಾಗೇ ಉಂಟಲ್ಲ!” ಎಂದು ಬರೆದಿದ್ದಳು. ಯಾಕೆ ಹಾಗುಂಟು ಎಂದು ಹೇಳಲು ನನಗೆ ಒಂದು ಗಂಟೆ ಹಿಡಿಯಿತು.

ಹೀಗೆ ಒಂದೇ ಮನೆಯಲ್ಲಿ, ಒಂದೇ ಬೈಬಲ್ಲಿನಲ್ಲಿ, ಇಸ್ರಾಯೇಲ್ ಎಂದರೆ ಯಾರು ಎಂಬುದಕ್ಕೆ ಎರಡು ಮೂರು ಉತ್ತರ. ಬಾಸೆಲ್ ಎಂಬ ಊರಿಗೂ ಈ ಕಥೆ ಅಂಟಿಕೊಂಡೇ ಬಂತು. 1897ರ ಆಗಸ್ಟ್‌ನಲ್ಲಿ ಥಿಯೋಡೋರ್ ಹೆರ್ಜ಼್ಲ್ ಮೊದಲ ಜಿಯೋನಿಸ್ಟ್ ಕಾಂಗ್ರೆಸ್ ನಡೆಸಿದ್ದು ಅಲ್ಲೇ. ಮೊದಲು ಮ್ಯೂನಿಕ್ ಎಂದುಕೊಂಡಿದ್ದರು, ಅಲ್ಲಿನ ಯೆಹೂದ್ಯರೇ ಬೇಡವೆಂದರು. ಹೆರ್ಜ಼್ಲ್‌ಗೆ ರಾಜರ ಬಾಗಿಲು ತೆರೆಸಿಕೊಟ್ಟವರು ವಿಯೆನ್ನಾದಲ್ಲಿದ್ದ ಆಂಗ್ಲಿಕನ್ ಪಾದ್ರಿ ವಿಲಿಯಂ ಹೆಕ್ಲರ್. ಹುಟ್ಟಿದ್ದು 1845ರಲ್ಲಿ, ನಮ್ಮ ಕಾಶಿಯಲ್ಲಿ. ತಂದೆ ಅಲ್ಲಿ ಮಿಷನರಿ. ಹೆಕ್ಲರ್ ಲೆಕ್ಕ ಹೀಗಿತ್ತು: ಪ್ರಕಟನೆಯ 42 ತಿಂಗಳು ಅಂದರೆ 1260 ದಿನ, ದಿನವನ್ನು ವರ್ಷವೆಂದು ಎಣಿಸಿ. ಖಲೀಫ ಉಮರ್ ಕೈಗೆ ಜೆರುಸಲೇಂ ಹೋದದ್ದು ಸುಮಾರು 637–638. ಕೂಡಿಸಿದರೆ 1897–98. ಹೆರ್ಜ಼್ಲ್ ಪುಸ್ತಕ ಸರಿಯಾದ ಹೊತ್ತಿಗೇ ಬಂದಿದೆ ಎಂದು ಅವರು ಕುಣಿದಾಡಿಬಿಟ್ಟರು.

ದಕ್ಷಿಣ ಭಾರತಕ್ಕೂ ತನ್ನದೇ ತಾರೀಖು ಇತ್ತು. ತಿರುವಾಂಕೂರಿನಲ್ಲಿ ತಮಿಳು ಬ್ರಾಹ್ಮಣ ಮನೆತನದಿಂದ ಬಂದು ಆಂಗ್ಲಿಕನ್ ಪಾದ್ರಿಯಾಗಿದ್ದ ಜಸ್ಟಸ್ ಜೋಸೆಫ್, ಕ್ರಿಸ್ತನ ಮರುಬರುವಿಕೆ 1881ರಲ್ಲಿ ಎಂದು ಸಾರಿ ಜನ ಸೇರಿಸಿದರು. ಆ ವರ್ಷ ಕಳೆಯಿತು. ಆಮೇಲೂ ಒಂದಷ್ಟು ಮಂದಿ ಜೊತೆಗೆ ಉಳಿದರು. ಇವತ್ತು ನನ್ನ ಫೋನಿಗೆ ಬರುವ ಲೆಕ್ಕ 2028. ಅಂಜೂರದ ಮರ ಚಿಗುರುವುದೆಂದರೆ 1948, ಒಂದು ತಲೆಮಾರು ಎಂದರೆ ಕೀರ್ತನೆಯ ಪ್ರಕಾರ ಎಂಬತ್ತು ವರ್ಷ, ಕೂಡಿಸಿ. ತಲೆಮಾರು ನಲವತ್ತು ವರ್ಷ ಎಂದಿದ್ದಾಗ ಬಂದ ಉತ್ತರ 1988. ಆ ವರ್ಷ ಅಮೆರಿಕದಲ್ಲಿ ಇದರ ಬಗ್ಗೆ 88 ಕಾರಣ ಕೊಟ್ಟು ಪುಸ್ತಕ ಬರೆದ ಎಡ್ಗರ್ ವಿಸೆನಂಟ್ ಹಿಂದೆ ನಾಸಾದಲ್ಲಿ ಎಂಜಿನಿಯರ್! ನಮ್ಮ ಕಸುಬಿನವರಿಗೆ ಈ ಚಾಳಿ ಪರಿಚಿತ. ಟೆಸ್ಟ್ ಫೇಲ್ ಆದರೆ ಕೋಡ್ ನೋಡುವುದು ಬಿಟ್ಟು, ಪಾಸ್ ಆಗುವ ತನಕ ಇನ್‌ಪುಟ್ ಬದಲಿಸುವುದು. ಅದೂ ಅಲ್ಲದೆ 2028ಕ್ಕೆ ಏಳು ವರ್ಷದ ಸಂಕಟ ಮುಗಿಯಬೇಕಿದ್ದರೆ ಸಭೆ 2021ರಲ್ಲೇ ಎತ್ತಲ್ಪಡಬೇಕಿತ್ತು. ಇದನ್ನು ಕೇಳಿದರೆ, ಎಣಿಕೆಯನ್ನು 1967ರಿಂದ ಶುರುಮಾಡಬೇಕು ಎನ್ನುತ್ತಾರೆ. ನಗೆಚಾಟಿಕೆಗೆ ಹೇಳುತ್ತಿಲ್ಲ. ನಮ್ಮ ತಂಡದ ಹುಡುಗನೊಬ್ಬ ಇದನ್ನು ನಂಬಿ ಫ್ಲ್ಯಾಟ್‌ಗೆ ಕೊಟ್ಟ ಮುಂಗಡ ವಾಪಸ್ ಪಡೆದ. ಅವನ ಹೆಂಡತಿ ನನ್ನ ಹೆಂಡತಿಯ ಹತ್ತಿರ ಅತ್ತಳು.

ಹಾಗಾದರೆ ಡಾರ್ಬಿಗೆ ಮುಂಚೆ ಕ್ರೈಸ್ತರು ಏನು ನಂಬಿದ್ದರು? ಬಹುಮಟ್ಟಿಗೆ, ಸಭೆಯೇ ಹೊಸ ಇಸ್ರಾಯೇಲ್ ಎಂದು. ಕ್ಯಾಥೊಲಿಕ್, ಆರ್ಥೊಡಾಕ್ಸ್, ಲೂಥರನ್, ನಮ್ಮ ಸಿಎಸ್‌ಐ, ಎಲ್ಲರ ಆರಾಧನೆಯಲ್ಲಿ ‘ಇಸ್ರಾಯೇಲ್’ ಎಂದು ಹಾಡಿದಾಗ ಮನಸ್ಸಿಗೆ ಬರುವುದು ಪೀಠದ ಮುಂದೆ ಕುಳಿತ ಜನ. ನಾವು ಊರುಗಳಿಗೆ ಹೆಸರಿಟ್ಟದ್ದೂ ಈ ಅರ್ಥದಲ್ಲೇ. ತೂತ್ತುಕುಡಿ ಜಿಲ್ಲೆಯಲ್ಲಿ ನಜರೇತ್ ಎಂಬ ಊರು, ಅದಕ್ಕೊಂದು ರೈಲು ನಿಲ್ದಾಣ. ಸಿಖ್ ಮನೆತನದಿಂದ ಬಂದ ಭಕ್ತ ಸಿಂಗ್ 1941ರಲ್ಲಿ ಮದ್ರಾಸಿನಲ್ಲಿ ಶುರುಮಾಡಿದ ಸಭೆಗೆ ‘ಯೆಹೋವ ಶಮ್ಮಾ’ ಎಂದು ಹೆಸರು. ಪ್ರವಾದಿ ಯೆಹೆಜ್ಕೇಲನು ಕಂಡ ಪುನಃಸ್ಥಾಪಿತ ಇಸ್ರಾಯೇಲಿನ ನಗರದ ಹೆಸರದು, ಅವನ ಗ್ರಂಥದ ಕೊನೆಯ ವಚನದಲ್ಲಿ ಬರುತ್ತದೆ. ಹೆಸರಿಡುವಾಗ ನಾವೆಲ್ಲ ಆಧ್ಯಾತ್ಮಿಕ ಅರ್ಥದವರು. ಯುದ್ಧದ ಸುದ್ದಿ ಬಂದಾಗ ಮಾತ್ರ ಕೆಲವರು ಅಕ್ಷರಾರ್ಥಕ್ಕೆ ಹಾರುತ್ತಾರೆ.

ಈ ಹಳೆಯ ಓದು ನನಗೆ ಹತ್ತಿರದ್ದು. ಆದರೆ ಅದರ ಕೈಗೂ ರಕ್ತ ಅಂಟಿದೆ. ಸಭೆ ಬಂದ ಮೇಲೆ ಯೆಹೂದ್ಯರಿಗೆ ದೇವರ ಕಥೆಯಲ್ಲಿ ಜಾಗವೇ ಇಲ್ಲ ಎಂದು ಅದನ್ನು ಎಳೆದವರು ಬಹಳ. ನಾಲ್ಕನೇ ಶತಮಾನದಲ್ಲೇ ಜಾನ್ ಕ್ರಿಸೊಸ್ಟಮ್ ಅವರ ವಿರುದ್ಧ ಬೆಂಕಿಯುಗುಳುವ ಪ್ರಸಂಗ ಮಾಡಿದರು. ಮಾರ್ಟಿನ್ ಲೂಥರ್ 1543ರಲ್ಲಿ ಯೆಹೂದ್ಯರ ಪ್ರಾರ್ಥನಾ ಮಂದಿರಗಳನ್ನು ಸುಡಬೇಕೆಂದು ಬರೆದರು. ನಾಜಿಗಳಿಗೆ ಅದು ಒದಗಿ ಬಂತು. ಇದನ್ನೆಲ್ಲ ನೋಡಿದ ಮೇಲೆಯೇ ಕ್ಯಾಥೊಲಿಕ್ ಸಭೆ 1965ರ ಅಕ್ಟೋಬರ್ 28ರ ‘ನೋಸ್ತ್ರಾ ಏತಾತೆ’ ಘೋಷಣೆಯಲ್ಲಿ, ದೇವರು ಯೆಹೂದ್ಯರನ್ನು ತಳ್ಳಿಬಿಟ್ಟಿಲ್ಲ, ಯೇಸುವಿನ ಮರಣದ ದೋಷವನ್ನು ಆ ಜನಾಂಗದ ಮೇಲೆ ಹೊರಿಸಬಾರದು ಎಂದು ಹೇಳಿದ್ದು. ಜೊತೆಗೆ 1985ರಲ್ಲಿ ವ್ಯಾಟಿಕನ್ ಇನ್ನೊಂದನ್ನೂ ಸ್ಪಷ್ಟ ಮಾಡಿತು: ಇಸ್ರೇಲ್ ಎಂಬ ರಾಷ್ಟ್ರವನ್ನು ಧರ್ಮದ ಕಣ್ಣಿನಿಂದಲ್ಲ, ಅಂತರರಾಷ್ಟ್ರೀಯ ಕಾನೂನಿನ ಸಾಮಾನ್ಯ ತತ್ವಗಳಿಂದ ನೋಡಬೇಕು. ಅಂದರೆ ಜನಾಂಗದ ಬಗೆಗಿನ ವಾಗ್ದಾನ ನಿಂತಿದೆ, ರಾಷ್ಟ್ರದ ಗಡಿರೇಖೆಗೆ ಅದು ಸಹಿಯಲ್ಲ. ಇಷ್ಟು ಸೂಕ್ಷ್ಮವನ್ನು ವಾಟ್ಸ್ಆ್ಯಪ್ ಸಂದೇಶದಲ್ಲಿ ಕಳಿಸಲು ಆಗುವುದಿಲ್ಲ.

ಚೆನ್ನೈನಲ್ಲೇ ಇನ್ನೊಂದು ಓದು ಬೆಳೆದಿದೆ. ಅದು ಇಲ್ಲಿನ ಗುರುಕುಲ ಲೂಥರನ್ ದೇವಶಾಸ್ತ್ರ ಕಾಲೇಜಿನದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಶೂದ್ರ ದೇವಶಾಸ್ತ್ರದ ಬಗ್ಗೆ ಭಾಷಣ ಮಾಡಿದ ಅರವಿಂದ ಪಿ. ನಿರ್ಮಲ್, ಮುಂದೆ ಗುರುಕುಲದಲ್ಲಿ ದಲಿತ ದೇವಶಾಸ್ತ್ರ ವಿಭಾಗ ಕಟ್ಟಿದರು. ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯನು, ಅಲೆದಾಡುತ್ತಿದ್ದ ತನ್ನ ಪೂರ್ವಿಕನನ್ನೂ ಐಗುಪ್ತದ ಜೀತವನ್ನೂ ನೆನೆಯುತ್ತಾನೆ. ನಿರ್ಮಲ್ ಆ ಜಾಗದಲ್ಲಿ ದಲಿತನನ್ನು ನಿಲ್ಲಿಸಿ ಓದಿದರು. ಇಸ್ರಾಯೇಲ್ ಎಂದರೆ ನೆಲ ಗೆದ್ದವನಲ್ಲ, ಜೀತದಿಂದ ಬಿಡುಗಡೆಯಾದವನು. ನಮ್ಮ ಕೆರೆಯ ನೀರು ಮುಟ್ಟಗೊಡದ ಊರುಗಳಿಗೆ ಹೇಳಿದ ಮಾತು ಅದು. ಈ ಓದನ್ನು ಮೊದಲು ಕೇಳಿದಾಗ, ಇಷ್ಟು ದಿನ ನಕ್ಷೆ ಬಿಡಿಸಿಟ್ಟುಕೊಂಡು ವಾದಿಸುತ್ತಿದ್ದವರೆಲ್ಲ ಬೇರೆಯೇ ಪುಸ್ತಕ ಓದುತ್ತಿದ್ದರೇನೋ ಅನ್ನಿಸಿತು.

ಇನ್ನು, ಈ ವಾದದಲ್ಲಿ ಯಾರೂ ಕೇಳದ ಕ್ರೈಸ್ತರೆಂದರೆ ಆ ನೆಲದವರೇ. ತಮಿಳುನಾಡು ಸರ್ಕಾರ 2011ರಿಂದ ಜೆರುಸಲೇಂ ಯಾತ್ರೆಗೆ ನೆರವು ಕೊಡುತ್ತಿದೆ, ಇಲ್ಲಿಂದ ತಂಡ ತಂಡವಾಗಿ ಹೋಗುತ್ತಿದ್ದರು. ನಮ್ಮ ಎದುರುಮನೆಯ ಆಂಟಿ ಬೇತ್ಲೆಹೇಮಿನಿಂದ ಆಲಿವ್ ಮರದ ಶಿಲುಬೆ ತಂದರು. ಅಂಗಡಿಯವನು ಅರಬ್, “ಆದರೂ ಒಳ್ಳೆಯವನು” ಎಂದರು. ಅವನು ಕ್ರೈಸ್ತ, ತಲತಲಾಂತರದಿಂದ ಅಲ್ಲಿಯವನಿರಬಹುದು ಎಂಬುದು ಅವರಿಗೆ ಹೊಳೆದಿರಲೇ ಇಲ್ಲ. 2006ರಲ್ಲಿ ಜೆರುಸಲೇಂನ ಕ್ಯಾಥೊಲಿಕ್, ಸಿರಿಯನ್ ಆರ್ಥೊಡಾಕ್ಸ್, ಆಂಗ್ಲಿಕನ್, ಲೂಥರನ್ ಮುಖಂಡರು ಸೇರಿ ಕ್ರೈಸ್ತ ಜಿಯೋನಿಸಂ ತಪ್ಪು ಬೋಧನೆ ಎಂದು ಸಹಿ ಹಾಕಿದರು. 2023ರ ಅಕ್ಟೋಬರ್ 19ರಂದು ಗಾಜಾದ ಸಂತ ಪೋರ್ಫಿರಿಯಸ್ ಚರ್ಚಿನ ಆವರಣದಲ್ಲಿ ಆಶ್ರಯ ಪಡೆದಿದ್ದವರು ಬಾಂಬಿಗೆ ಸತ್ತರು. ಆ ಡಿಸೆಂಬರ್‌ನಲ್ಲಿ ಬೇತ್ಲೆಹೇಮಿನ ಲೂಥರನ್ ಪಾದ್ರಿ ಮುಂತರ್ ಐಸಾಕ್ ಅವರ ಚರ್ಚಿನಲ್ಲಿ ಗೋದಲಿಯ ಬದಲು ಒಡೆದ ಕಾಂಕ್ರೀಟಿನ ನಡುವೆ ಶಿಶುವನ್ನು ಮಲಗಿಸಿದರು. ಅದೇ ಅಕ್ಟೋಬರ್ 7ರಂದು ಹಮಾಸ್ ಸುಮಾರು 1200 ಜನರನ್ನು ಕೊಂದಿತ್ತು. ತಂಗಿ ನೋಡಿಕೊಳ್ಳುವ ಅಜ್ಜಿಯ ಪರಿಚಯದವರೂ ಅದರಲ್ಲಿದ್ದರಂತೆ. ನಾಗರಕೋಯಿಲ್‌ನ ಅಕ್ಕ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದು ಇದಕ್ಕೇ.

ಪೌಲನು ರೋಮಿನವರಿಗೆ ಬರೆದ ಪತ್ರದ 11ನೇ ಅಧ್ಯಾಯಕ್ಕೆ ಎಲ್ಲ ಪಂಗಡದವರೂ ಬಂದೇ ಬರುತ್ತಾರೆ. ಇಸ್ರಾಯೇಲ್ ಒಂದು ಆಲಿವ್ ಮರ. ಕೆಲವು ಕೊಂಬೆ ಮುರಿದಿವೆ. ಕಾಡು ಆಲಿವ್‌ನ ಕೊಂಬೆಗಳನ್ನು, ಅಂದರೆ ನಮ್ಮಂಥ ಹೊರಗಿನವರನ್ನು, ಅದಕ್ಕೆ ಕಸಿ ಕಟ್ಟಿದ್ದಾನೆ ದೇವರು. ಬೇರು ನಿನ್ನನ್ನು ಹೊತ್ತಿದೆ, ನೀನು ಬೇರನ್ನಲ್ಲ, ಮುರಿದ ಕೊಂಬೆಗಳ ಎದುರು ಜಂಬಪಡಬೇಡ ಎನ್ನುತ್ತಾನೆ. ಅಲ್ಲಿ ಗಡಿಯೂ ಇಲ್ಲ, ಇಸವಿಯೂ ಇಲ್ಲ. ನನ್ನ ಓದು ಇಲ್ಲಿ ನಿಲ್ಲುತ್ತದೆ: ಯೆಹೂದ್ಯರನ್ನು ಕಥೆಯಿಂದ ಕಿತ್ತು ಹಾಕುವಂತಿಲ್ಲ, ಒಂದು ಸರ್ಕಾರದ ಸೈನ್ಯಕ್ಕೆ ಆ ಕಥೆಯನ್ನು ಬರೆದುಕೊಡುವಂತೆಯೂ ಇಲ್ಲ. ಇಸ್ರಾಯೇಲ್ ಮತ್ತು ಇಸ್ರೇಲ್ ಎಂದು ಬೇರೆ ಬೇರೆ ಬರೆಯುವ ನಮ್ಮ ರೂಢಿಯನ್ನು ಯಾರಾದರೂ ಪರಿಷ್ಕರಿಸಲು ಹೊರಟರೆ ನಾನು ಬೇಡ ಅನ್ನುತ್ತೇನೆ.

ಮೊನ್ನೆ ಉಡುಪಿಗೆ ಫೋನ್ ಮಾಡಿದಾಗ ಅಪ್ಪನಿಗೆ ಈ ಅಧ್ಯಾಯ ಓದಿ ಹೇಳಿದೆ. ಅವರು ಹಿತ್ತಲಿನಲ್ಲಿ ಕಾಟು ಮಾವಿನ ಗಿಡಕ್ಕೆ ಒಳ್ಳೆ ಜಾತಿಯ ಕೊಂಬೆ ಕಸಿ ಕಟ್ಟುವವರು. “ಇದು ಉಲ್ಟಾ ಆಯ್ತಲ್ಲ ಮಾರಾಯ, ಊರ ಮರಕ್ಕೆ ಕಾಟು ಕೊಂಬೆ ಕಟ್ಟಿದರೆ ಕಾಟು ಕಾಯಿಯೇ ಬಿಡುದು” ಎಂದರು. ಪೌಲನಿಗೂ ಅದು ಗೊತ್ತಿತ್ತು, ಇದು ಸ್ವಭಾವಕ್ಕೆ ವಿರುದ್ಧವಾದ ಕಸಿ ಎಂದು ಅವನೇ ಬರೆದಿದ್ದಾನೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಲ್ಲಿ ಆಲಿವ್‌ಗೆ ಯಾವ ತಿಂಗಳಲ್ಲಿ ಕಸಿ ಕಟ್ಟುತ್ತಾರೆ, ಮಳೆಗೆ ಮೊದಲೋ ಆಮೇಲೋ ಎಂದು ಕೇಳಿದರು. ಅಜ್ಜಿಯ ಮಗನನ್ನು ವಿಚಾರಿಸಿ ಹೇಳು ಎಂದು ತಂಗಿಗೆ ಮೆಸೇಜ್ ಹಾಕಿದ್ದೇನೆ.